ಕಾದಂಬರಿಗೆ ಮೂರು ನೋಟ್‌ಬುಕ್: ರಾಯಚೂರು ಸೀಮೆಯಲ್ಲಿ ಕೂತು ಬರೆಯುವವರಿಗೆ

ಮೊದಲ ಕಾದಂಬರಿ ಹೆಚ್ಚಾಗಿ 60ರಿಂದ 80ನೇ ಪುಟದ ನಡುವೆ ನಿಂತುಹೋಗುತ್ತದೆ. ಹೇಳುವುದು ಮುಗಿದು ನಿಲ್ಲುವುದಲ್ಲ, ಬರೆದದ್ದು ನೆನಪಿಲ್ಲದೆ ನಿಲ್ಲುವುದು. ಎರಡನೇ ಅಧ್ಯಾಯದಲ್ಲಿ ನಾಯಕಿಗೆ ಎಷ್ಟು ವಯಸ್ಸಿತ್ತು? ಕಾಲುವೆಗೆ ನೀರು ಬಂದದ್ದು ಅವಳ ಮದುವೆಗೆ ಮುಂಚೆಯೋ ಆಮೇಲೋ? ಮೊದಲು ಚಿಗವ್ವ ಎಂದು ಕರೆದವಳು ಈಗ ಅತ್ತೆ ಆದದ್ದು ಹೇಗೆ? ಇಂಥ ನಾಲ್ಕು ಪ್ರಶ್ನೆ ಒಟ್ಟಿಗೆ ಎದ್ದರೆ ಸಾಕು, ಹಿಂದಿನ ಪುಟ ತಿರುವುವುದರಲ್ಲೇ ವಾರ ಕಳೆಯುತ್ತದೆ, ಆಮೇಲೆ ತಿಂಗಳು. ಕಿರಾಣಿ ಅಂಗಡಿ ಬಾಯಿಲೆಕ್ಕದ ಮೇಲೆ ನಡೆಯುವುದಿಲ್ಲ. 200 ಪುಟದ ಕಾದಂಬರಿಯೂ ಅಷ್ಟೆ. ಹಸ್ತಪ್ರತಿಯ ಪಕ್ಕದಲ್ಲಿ ಮೂರು ನೋಟ್‌ಬುಕ್ ಇಡಬೇಕು: ಮಾತಿಗೊಂದು, ಕಾಲಕ್ಕೊಂದು, ದಿನಕ್ಕೊಂದು. ರಾಯಚೂರು, ಕೊಪ್ಪಳ, ಬಳ್ಳಾರಿಯ ಕಥೆ ಬರೆಯುವವರಿಗೆ ಇವು ಇನ್ನೂ ಹೆಚ್ಚು ಬೇಕು. ಇಲ್ಲಿ ನಾಲ್ಕು ಹರದಾರಿಗೆ ಮಾತು ಬೇರೆ, ಒಂದೇ ತಲೆಮಾರಿನಲ್ಲಿ ನಾಣ್ಯ, ಕಚೇರಿ ಭಾಷೆ, ರಾಜ್ಯ ಎಲ್ಲವೂ ಬೇರೆಯಾದ ನೆಲವಿದು.

ಮೊದಲು ಲೆಕ್ಕ

ಕನ್ನಡ ಕಾದಂಬರಿಗಳ ಸಾಮಾನ್ಯ ಅಳತೆ ಡೆಮಿ 1/8. ಒಂದು ಪುಟಕ್ಕೆ 28ರಿಂದ 30 ಸಾಲು, ಸಾಲಿಗೆ ಏಳೆಂಟು ಪದ, ಅಂದರೆ ಸುಮಾರು 220 ಪದ. 200 ಪುಟಕ್ಕೆ 44,000 ಪದ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಬರೆದರೆ 30 ವಾರದಲ್ಲಿ ಮೊದಲ ಕರಡು ಮುಗಿಯುತ್ತದೆ. 300 ಪದವೆಂದರೆ ಉದ್ದನೆಯ ಗೆರೆ ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ. ನೌಕರಿ, ಮನೆ, ಹೊಲ ನೋಡಿಕೊಂಡು ಇದಕ್ಕಿಂತ ಹೆಚ್ಚು ಗುರಿ ಇಟ್ಟವರು ಮೂರನೇ ವಾರಕ್ಕೆ ಕೈ ಚೆಲ್ಲುತ್ತಾರೆ.

ಜೂನ್ ಮೊದಲ ವಾರ ಶುರುಮಾಡಿದರೆ ಎಳ್ಳಮಾವಾಸ್ಯೆ ಹೊತ್ತಿಗೆ ಕರಡು ಕೈಲಿರುತ್ತದೆ. ಯುಗಾದಿಗೆ ಶುರುಮಾಡಬೇಡಿ. ಹಬ್ಬ ಶುಭವೇ, ಆದರೆ ಹಿಂದೆಯೇ 42 ಡಿಗ್ರಿ ದಾಟುವ ಎರಡು ತಿಂಗಳಿವೆ. ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯಿಂದ ನಡುರಾತ್ರಿಯವರೆಗೆ ಕೋಣೆಯೊಳಕ್ಕೆ ಕಾರುತ್ತದೆ. ಅದಕ್ಕೇ ಊಟ ಮುಗಿಸಿ ರಾತ್ರಿ ಹತ್ತಕ್ಕೆ ಕೂತರೆ ತಲೆ ಓಡುವುದಿಲ್ಲ. ಸ್ಲ್ಯಾಬ್ ತೀರ ತಣ್ಣಗಿರುವುದು ನಸುಕಿನ ನಾಲ್ಕೂವರೆಯಿಂದ ಆರೂವರೆವರೆಗೆ. ಬೇಸಿಗೆಯಲ್ಲಿ ಬರೆಯಲೇಬೇಕೆಂದರೆ ಅದೇ ಹೊತ್ತು, ಕೆಳಮಹಡಿಯ ಬಡಗಣ ಕೋಣೆ. ಮಾಳಿಗೆಗೆ ಮಾರ್ಚ್‌ನಲ್ಲೇ ದಪ್ಪಗೆ ಸುಣ್ಣ ಹೊಡೆಸಿ.

ಮೊದಲ ಕರಡು ಕೈಬರಹದಲ್ಲಿರಲಿ. ಕರೆಂಟು ಹೋದರೂ ನಡೆಯುತ್ತದೆ ಎನ್ನುವುದು ಒಂದು ಕಾರಣ. ಟೈಪ್ ಮಾಡುವವರು ಬರೆದದ್ದನ್ನು ಬರೆಯುತ್ತಲೇ ಅಳಿಸುತ್ತಾರೆ ಎನ್ನುವುದು ದೊಡ್ಡ ಕಾರಣ. ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ತಿದ್ದುಪಡಿಗೆ. ಜೆಲ್ ಪೆನ್ ಬೇಡ, ಬೆವರಿದ ಅಂಗೈ ತಾಗಿದರೆ ಹರಡುತ್ತದೆ, ಬಾಲ್‌ಪೆನ್ ಸಾಕು. ಮಣಿಕಟ್ಟಿನ ಕೆಳಗೆ ಒಂದು ಕರವಸ್ತ್ರ. ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ನಿರೂಪಣೆಗೆ ತಕ್ಕಮಟ್ಟಿಗೆ ಆಗುತ್ತದೆ, ಸಂಭಾಷಣೆಗೆ ಬೇಡವೇ ಬೇಡ. ನಮ್ಮ ಮಾತನ್ನು ಅದು ಪಠ್ಯಪುಸ್ತಕದ ಕನ್ನಡಕ್ಕೆ ಎಳೆಯುತ್ತದೆ.

ಮಾತಿನ ಪುಸ್ತಕ

ಇದು ಅಂಗಿ ಜೇಬಿಗೆ ಹಿಡಿಸುವಷ್ಟು ಚಿಕ್ಕದಿರಬೇಕು. ಬಸ್‌ಸ್ಟ್ಯಾಂಡು, ಎಪಿಎಂಸಿ ಯಾರ್ಡು, ಸಂತೆ, ಒಗ್ಗರಣಿ–ಮಿರ್ಚಿ ಹೋಟೆಲು, ತಹಶೀಲ್ದಾರ್ ಕಚೇರಿಯ ಮುಂದಿನ ಬರಹಗಾರರ ಮೇಜು, ಆಸ್ಪತ್ರೆಯ ಹೊರಗಿನ ಬೇವಿನ ಮರ: ಜನ ಕಾಯುತ್ತ ಕೂರುವ ಜಾಗದಲ್ಲಿ ಮಾತು ಸಿಗುತ್ತದೆ. ಕೇಳಿದ್ದನ್ನು ಅದೇ ತಾಸಿನೊಳಗೆ ಬರೆದುಕೊಳ್ಳಿ. ರಾತ್ರಿ ಬರೆದರೆ ನಿಮ್ಮ ಸ್ವಂತ ಭಾಷೆ ಅದಕ್ಕೆ ಅಂಟಿರುತ್ತದೆ. ಒಂದು ಮಾತಿಗೆ ಒಂದು ಸಾಲು, ಪಕ್ಕದಲ್ಲಿ ನಾಲ್ಕು ವಿವರ: ಹೇಳಿದವರ ಅಂದಾಜು ವಯಸ್ಸು, ಊರ ಕಡೆ, ಯಾರಿಗೆ ಹೇಳಿದ್ದು, ಯಾವ ಸಿಟ್ಟು ಅಥವಾ ಸಲಿಗೆಯಲ್ಲಿ. ಹೆಸರು ಬೇಡ. ಕದ್ದು ರೆಕಾರ್ಡ್ ಮಾಡುವುದೂ ಬೇಡ. ಹಾಡು, ಉದ್ದನೆಯ ಕಥೆ ಇದ್ದರೆ ಕೇಳಿ ರೆಕಾರ್ಡ್ ಮಾಡಿ. ಒಂದು ತಾಸಿನ ಧ್ವನಿ ಇಳಿಸಿಕೊಳ್ಳಲು ನಾಲ್ಕು ತಾಸು ಹಿಡಿಯುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಏನನ್ನು ಗಮನಿಸಬೇಕು? ‘ಮಾಡುತ್ತಿದ್ದಾನೆ’ ಎಂಬ ಒಂದೇ ಕ್ರಿಯೆ ಊರಿಗೆ, ಓಣಿಗೆ, ಮನೆತನಕ್ಕೆ ತಕ್ಕಂತೆ ಮಾಡಾಕತ್ತಾನ, ಮಾಡಕತ್ಯಾನ, ಮಾಡ್ಲಿಕತ್ತಾನ ಎಂದು ತಿರುಗುತ್ತದೆ. ಒಂದೇ ಪಾತ್ರದ ಬಾಯಲ್ಲಿ ಮೂರೂ ಬಂದರೆ ಓದುಗ ನಿಮ್ಮನ್ನು ಹೊರಗಿನವರೆಂದು ಗುರುತಿಸುತ್ತಾನೆ. ಸಿರುಗುಪ್ಪ, ಬಳ್ಳಾರಿ ಕಡೆ ಮಾತಿನೊಳಗೆ ತೆಲುಗು ಹರಿಯುತ್ತದೆ. ರಾಯಚೂರಿನ ಪೇಟೆಯಲ್ಲಿ ಉರ್ದುವೂ ಸೇರುತ್ತದೆ. ಗಂಗಾವತಿ, ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಿ ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದವರ ಮೊಮ್ಮಕ್ಕಳು ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಆಡುತ್ತಾರೆ. ಆ ಮಗು ಯಾವಾಗ ಯಾವುದಕ್ಕೆ ಜಾರುತ್ತದೆ ಎನ್ನುವುದೇ ಒಂದು ಅಧ್ಯಾಯಕ್ಕೆ ಸಾಕಾಗುವ ಸಾಮಗ್ರಿ.

ಕರೆಯುವ ಬಗೆಗೆ ಬೇರೆ ಪುಟ ಇಡಿ. ಇಲ್ಲಿ ಅಜ್ಜಿ ಐದು ವರ್ಷದ ಮೊಮ್ಮಗಳನ್ನು ‘ಯವ್ವಾ’ ಎನ್ನುತ್ತಾಳೆ, ಮೊಮ್ಮಗನನ್ನು ‘ಯಪ್ಪಾ’ ಎನ್ನುತ್ತಾಳೆ. ಬೇರೆ ಸೀಮೆಯ ಸಂಪಾದಕರು ಇದನ್ನು ತಪ್ಪೆಂದು ತಿಳಿದು ‘ಮಗಳೇ’ ಎಂದು ತಿದ್ದಿಬಿಡುವ ಸಾಧ್ಯತೆ ಇದೆ, ಹಸ್ತಪ್ರತಿಯ ಜೊತೆ ಒಂದು ಚೀಟಿ ಇಡಿ. ‘ಬರ್ರಿ, ಕುಂದರ್ರಿ’ ಯಾರಿಗೆ, ‘ಬಾರಪಾ’ ಯಾರಿಗೆ, ‘ಬಾರಲೇ’ ಯಾವ ಸಿಟ್ಟಿಗೆ ಅಥವಾ ಯಾವ ಗೆಳೆತನಕ್ಕೆ ಎಂಬುದನ್ನು ಪಾತ್ರಜೋಡಿಗಳಂತೆ ಬರೆದಿಡಿ. ಗೌಡರ ಮನೆಯ ಆಳು ಮೂವತ್ತು ವರ್ಷ ‘ರೀ’ ಹಚ್ಚಿ ಮಾತಾಡಿ ಒಂದು ದಿನ ಅದನ್ನು ಬಿಟ್ಟರೆ, ಅದೇ ಕಾದಂಬರಿಯ ತಿರುವು. ಅಲ್ಲಿಯವರೆಗೆ ‘ರೀ’ ಒಂದೂ ತಪ್ಪದೆ ಬಂದಿದ್ದರೆ ಮಾತ್ರ ಆ ಪೆಟ್ಟು ಓದುಗನಿಗೆ ತಾಗುತ್ತದೆ.

ನಿರೂಪಣೆ ಯಾವುದರಲ್ಲಿ? ಮೊದಲ ಕಾದಂಬರಿಗೆ ನಮ್ಮ ಸಲಹೆ: ನಿರೂಪಣೆ ಬರಹದ ಕನ್ನಡದಲ್ಲಿ, ಸಂಭಾಷಣೆ ಸೀಮೆಯ ಮಾತಿನಲ್ಲಿ. ಇಡೀ ಕೃತಿಯನ್ನು ಆಡುಮಾತಿನಲ್ಲಿ ನಡೆಸಬಹುದು, ಆದರೆ ಅದಕ್ಕೆ ಕಥೆ ಹೇಳುವ ಒಬ್ಬ ವ್ಯಕ್ತಿ ಸ್ಪಷ್ಟವಾಗಿ ಬೇಕು. ಯಾರು ಹೇಳುತ್ತಿದ್ದಾರೆಂದು ಗೊತ್ತಿಲ್ಲದ ಆಡುಮಾತು ನಾಟಕ ಕಂಪನಿಯ ಹಾಸ್ಯಪಾತ್ರದಂತೆ ಕೇಳಿಸುತ್ತದೆ. ಹೇಗೇ ಬರೆದರೂ 30–40 ಪದಗಳ ಕಾಗುಣಿತ ಪಟ್ಟಿ ಮೊದಲೇ ಕಟ್ಟಿಕೊಳ್ಳಿ: ಮನಿ, ಐತಿ, ಅದಾವ, ಹೊಂಟಾನ, ನಿಂದ್ರು, ಎದಕ. ಒಂದು ಸಲ ನಿಶ್ಚಯಿಸಿದ ರೂಪ ಕೊನೆಯ ಪುಟದವರೆಗೆ.

ಕಾಲದ ಪುಸ್ತಕ

ಇದು ದೊಡ್ಡ ಲೆಡ್ಜರ್ ಆಗಿರಲಿ. ಎರಡು ಪುಟಕ್ಕೂ ಸೇರಿಸಿ ಆರು ಅಂಕಣ ಗೆರೆ ಹಾಕಿ: ಅಧ್ಯಾಯ, ವರ್ಷ–ತಿಂಗಳು, ಮುಖ್ಯ ಪಾತ್ರಗಳ ವಯಸ್ಸು, ಹೊಲದಲ್ಲಿ ಏನಿದೆ, ಹಬ್ಬ–ತಿಥಿ, ಊರ ಹೊರಗಿನ ಘಟನೆ. ಬರೆಯುವ ಮುಂಚೆ ತುಂಬಿದ್ದು ಪೆನ್ಸಿಲಿನಲ್ಲಿ, ಬರೆದ ಮೇಲೆ ಖಚಿತವಾದದ್ದು ಪೆನ್ನಿನಲ್ಲಿ.

ಹೊಲದ ಅಂಕಣ ಬಹಳ ಜನರ ಮಾನ ಕಳೆಯುತ್ತದೆ. ಎರೆಭೂಮಿಯ ಹಿಂಗಾರಿ ಜೋಳ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ ಫೆಬ್ರುವರಿ ಆಸುಪಾಸಿನಲ್ಲಿ ಕೊಯ್ಯುವ ಬೆಳೆ. ತೊಗರಿ ಕೊಯ್ಲು ಡಿಸೆಂಬರ್–ಜನವರಿ. ಹತ್ತಿ ಬಿಡಿಸುವುದು ಒಂದೇ ದಿನದ ಕೆಲಸವಲ್ಲ, ದೀಪಾವಳಿ ಆಚೀಚೆಯಿಂದ ಹಲವು ಸುತ್ತು ನಡೆಯುತ್ತದೆ. ಏಪ್ರಿಲ್ ತಿಂಗಳ ಒಣಬೇಸಾಯದ ಹೊಲದಲ್ಲಿ ಜೋಳದ ದಂಟಿನ ನಡುವೆ ಪ್ರೇಮಿಗಳನ್ನು ಬಚ್ಚಿಟ್ಟರೆ, ಅವರು ಬಿರುಕು ಬಿಟ್ಟ ಬರಿ ನೆಲದ ಮೇಲೆ ನಿಂತಿರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಊರಿಗೆ ಬೇರೆ ಲೆಕ್ಕ. ಅಲ್ಲಿ ಕಾಲುವೆಗೆ ನೀರು ಬಿಟ್ಟ ದಿನವೇ ವರ್ಷದ ಮೊದಲ ದಿನ, ಎರಡನೇ ಬೆಳೆ ಜಲಾಶಯದ ಮಟ್ಟದ ಮೇಲೆ ನಿಂತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ವಾರ ಆ ಊರುಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಿಮ್ಮ ಕಥೆ ಆ ತಿಂಗಳಲ್ಲಿ ನಡೆದರೆ ಪಾತ್ರಗಳೂ ಅದನ್ನೇ ಮಾತಾಡಬೇಕು.

ಚಂದ್ರನನ್ನು ಪಂಚಾಂಗ ನೋಡದೆ ಆಕಾಶಕ್ಕೆ ಏರಿಸಬೇಡಿ. ಚರಗ ಚೆಲ್ಲಿ ಬಂದ ಎಳ್ಳಮಾವಾಸ್ಯೆಯ ರಾತ್ರಿ ಬೆಳದಿಂಗಳು ಇರುವುದಿಲ್ಲ. ಕೊಪ್ಪಳದ ಗವಿಮಠದ ತೇರು ಬನದ ಹುಣ್ಣಿಮೆ ಕಳೆದು ಬಿದಿಗೆಗೆ ಎಳೆಯುವುದು. ಸಂಜೆ ತೇರು ಸಾಗುವಾಗ ಚಂದ್ರ ಇನ್ನೂ ಹುಟ್ಟಿರುವುದಿಲ್ಲ, ಜಾತ್ರೆ ಸುತ್ತಿ ಮನೆಗೆ ಹೊರಡುವ ಹೊತ್ತಿಗೆ ಬಹುತೇಕ ತುಂಬಿದ ಚಂದ್ರ ಮೇಲೆ ಬಂದಿರುತ್ತಾನೆ.

ಹಳೆಯ ಕಾಲದ ಕಥೆಯಾದರೆ ಮೊದಲು ಕೇಳಬೇಕಾದದ್ದು: ಊರು ಯಾರ ಆಳ್ವಿಕೆಯಲ್ಲಿತ್ತು? ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರದು, ಆಮೇಲೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯವೇ. ಬಳ್ಳಾರಿ 1800ರಿಂದ ಬ್ರಿಟಿಷರ ಕೈಯಲ್ಲಿ, ಮದರಾಸು ಪ್ರಾಂತ್ಯದ ಭಾಗ; ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಇದು ಬರೀ ಇತಿಹಾಸವಲ್ಲ, ಪಾತ್ರದ ಜೇಬಿನ ವಿಷಯ. 1945ರಲ್ಲಿ ಕೊಪ್ಪಳದ ರೈತನ ಸೊಂಟದ ಚೀಲದಲ್ಲಿ ಇದ್ದದ್ದು ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಏಳು ಹಾಲಿಗೆ ಆರು ಬ್ರಿಟಿಷ್ ರೂಪಾಯಿ. ಹೊಳೆ ದಾಟಿ ಬಳ್ಳಾರಿ ಸೀಮೆಯ ಪೇಟೆಗೆ ಹೋದರೆ ಅವನಿಗೆ ವಟಾವು, ಅಂದರೆ ನಾಣ್ಯ ಬದಲಿಸುವಾಗಿನ ಕಡಿತದ ಲೆಕ್ಕ ಬೇಕಿತ್ತು. ಕಾಗದಪತ್ರ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷಗಣನೆಯಲ್ಲಿ; ಫಸಲಿಗೆ 590 ಕೂಡಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ, 1357 ಫಸಲಿ ಎಂದರೆ 1947–48. ಊರ ಲೆಕ್ಕ ಬರೆಯುವವನು ರಾಯಚೂರು ಕಡೆ ಕುಲಕರ್ಣಿ, ಬಳ್ಳಾರಿ ಕಡೆ ಕರಣಂ. ನಿಜಾಮರ ಸೀಮೆಯಲ್ಲಿ ಕಂದಾಯಕ್ಕೆ ಮಾಲಿಪಾಟೀಲ, ಬಂದೋಬಸ್ತಿಗೆ ಪೊಲೀಸ್ ಪಾಟೀಲ ಎಂದು ಇಬ್ಬರು. ಇವತ್ತಿನ ಅಡ್ಡಹೆಸರು ಆಗ ಹುದ್ದೆಯಾಗಿತ್ತು.

ಹತ್ತಿರದ ಕಾಲದಲ್ಲಿ ಇನ್ನೂ ಸುಲಭವಾಗಿ ಎಡವುತ್ತಾರೆ. ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದದ್ದು 2019ರಲ್ಲಿ, 2005ರ ಪಾತ್ರ ‘ಹೈದರಾಬಾದ್ ಕರ್ನಾಟಕ’ ಎನ್ನಬೇಕು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮುಂಚೆ ಗಂಗಾವತಿಯವರು ಜಿಲ್ಲಾ ಕಚೇರಿಯ ಕೆಲಸಕ್ಕೆ ರಾಯಚೂರಿಗೆ ಹೋಗುತ್ತಿದ್ದರು. ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿದ್ದು 2021. 1957ರ ಏಪ್ರಿಲ್‌ಗೆ ಮುಂಚೆ ನಯಾಪೈಸೆ ಇಲ್ಲ, ಆಣೆಯೇ. ಬಸ್ಸಿನ ಮೇಲಿನ ಅಕ್ಷರವೂ ಬದಲಾಗಿದೆ: ಈಶಾನ್ಯ ಸಾರಿಗೆ ಬೇರೆಯಾದದ್ದು 2000ದಲ್ಲಿ, ಕಲ್ಯಾಣ ಕರ್ನಾಟಕ ಸಾರಿಗೆ ಎಂದಾದದ್ದು 2021ರಲ್ಲಿ. ಅನುಮಾನ ಬಂದರೆ ‘ಕೆಂಪು ಬಸ್ಸು’ ಎಂದು ಬರೆದು ಮುಂದೆ ಹೋಗಿ. ಸುಳ್ಳು ವಿವರಕ್ಕಿಂತ ಸಾದಾ ಮಾತು ಲೇಸು.

ದಿನದ ಪುಸ್ತಕ

ಬರೆದು ಏಳುವ ಮುಂಚೆ ಎರಡು ಸಾಲು: ಎಲ್ಲಿ ನಿಂತೆ, ನಾಳೆ ಮೊದಲ ವಾಕ್ಯದಲ್ಲಿ ಏನಾಗುತ್ತದೆ. ದೃಶ್ಯ ಪೂರ್ತಿ ಮುಗಿಸಿ ಏಳಬೇಡಿ, ಮರುದಿನ ಬೋಳು ಪುಟ ಕಾಯುತ್ತಿರುತ್ತದೆ. ಹಿಂದೆ ಏನೋ ತಪ್ಪಿದೆ ಎಂದು ಹೊಳೆದರೆ ಹಿಂದಕ್ಕೆ ಹೋಗಿ ತಿದ್ದದೆ ಇಲ್ಲಿ ಗುರುತು ಮಾಡಿ, ‘ಅಧ್ಯಾಯ 3: ಬಾವಿ ಮನೆಯ ಹಿಂದಕ್ಕೆ ಹೋಗಬೇಕು’ ಎಂದಷ್ಟೇ. ಮೊದಲ ಅಧ್ಯಾಯವನ್ನು ಏಳು ಸಲ ತಿದ್ದಿದವರು ಎಂಟನೇ ಅಧ್ಯಾಯ ಕಂಡದ್ದು ಕಡಿಮೆ.

ಇದೇ ಪುಸ್ತಕದ ಹಿಂದುಗಡೆಯಿಂದ ಪಾತ್ರಪಟ್ಟಿ ಶುರುವಾಗಲಿ. ಹೆಸರು, ಕರೆಯುವ ಹೆಸರು, ಹುಟ್ಟಿದ ವರ್ಷ, ಯಾರ ಮಗ, ಯಾರಿಗೆ ಏನಾಗಬೇಕು. ಸೋದರಮಾವನಿಗೇ ಹೆಣ್ಣು ಕೊಡುವ ಮನೆಗಳಲ್ಲಿ ಒಬ್ಬನೇ ಮಾವನೂ ಹೌದು ಗಂಡನೂ ಹೌದು, ಅಜ್ಜಿಯೇ ಅತ್ತೆ. ವಂಶವೃಕ್ಷ ಬರೆಯದೆ ಇದನ್ನು ನಿಭಾಯಿಸಲಾಗದು. ಒಂದೇ ಅಕ್ಷರದಿಂದ ಶುರುವಾಗುವ ಮೂರು ಹೆಸರು ಇಡಬೇಡಿ. ಊರಲ್ಲಿ ಬಸವರಾಜ, ಬಸಮ್ಮ, ಬಸಣ್ಣ ಒಟ್ಟಿಗೆ ಇರುವುದು ನಿಜ, ಪುಟದ ಮೇಲೆ ಅವರು ಒಬ್ಬರೊಳಗೊಬ್ಬರು ಕರಗುತ್ತಾರೆ.

ಆದರೂ 70ನೇ ಪುಟದಲ್ಲಿ ನಿಂತರೆ? ಪಾತ್ರಪಟ್ಟಿ ತೆಗೆದು ಪ್ರತಿ ಹೆಸರಿನ ಮುಂದೆ ‘ಇವನಿಗೆ ಈಗ ಏನು ಬೇಕು, ಯಾರು ತಡೆದಿದ್ದಾರೆ’ ಎಂದು ಬರೆಯಿರಿ. ಉತ್ತರ ಇಲ್ಲದ ಪಾತ್ರಗಳು ನಾಲ್ಕಿದ್ದರೆ ಮೂರನ್ನು ತೆಗೆಯಿರಿ. ಎಲ್ಲರಿಗೂ ಉತ್ತರವಿದ್ದೂ ಕಥೆ ಕದಲದಿದ್ದರೆ ತೊಂದರೆ ಕಾಲದ ಪುಸ್ತಕದಲ್ಲಿರುತ್ತದೆ: ದೊಡ್ಡ ಘಟನೆಯನ್ನು ಬಹಳ ತಡವಾಗಿ ಇಟ್ಟಿರುತ್ತೀರಿ. 150ನೇ ಪುಟಕ್ಕೆಂದು ಕೂಡಿಟ್ಟ ಜಗಳವನ್ನು 75ಕ್ಕೆ ತನ್ನಿ.

ಓದು, ಮತ್ತು ಕಪಾಟು

ಬರೆಯುವ ತಿಂಗಳುಗಳಲ್ಲೂ ಓದು ನಿಲ್ಲಬಾರದು, ಆದರೆ ನಿಮ್ಮದರಂಥದೇ ಕಾದಂಬರಿ ಓದಿದರೆ ಅದರ ಲಯ ಕೈಗೆ ಹತ್ತುತ್ತದೆ. ಆಗ ಕವಿತೆ, ಜೀವನಚರಿತ್ರೆ, ಗೆಜೆಟಿಯರ್ ಓದಿ. ಮೆಚ್ಚಿದ ಕಾದಂಬರಿಯನ್ನು ಎರಡನೇ ಸಲ ಪೆನ್ಸಿಲ್ ಹಿಡಿದು ಓದುವುದು ಬೇಸಿಗೆಯ ಕೆಲಸ: ಅಧ್ಯಾಯಕ್ಕೆ ಎಷ್ಟು ಪುಟ, ಕಾಲ ಎಲ್ಲಿ ಹಾರಿತು, ಸಂಭಾಷಣೆ ಎಷ್ಟು ಸಾಲು ನಡೆದು ನಿಂತಿತು ಎಂದು ಎಣಿಸುತ್ತ. ಜಿಲ್ಲಾ ಕೇಂದ್ರ ಗ್ರಂಥಾಲಯ, ಪಂಚಾಯಿತಿಯ ಅರಿವು ಕೇಂದ್ರ ಹತ್ತಿರದವು. ಜಾನಪದ ಮತ್ತು ಸೀಮೆಯ ಭಾಷೆಯ ಸಂಪುಟಗಳಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗಕ್ಕೆ ಒಂದು ದಿನ ಇಟ್ಟುಕೊಳ್ಳಿ. ನಿಘಂಟುಗಳಿಗೆ ಭಾರತವಾಣಿ ಜಾಲತಾಣವಿದೆ.

ಕೊಂಡ ಪುಸ್ತಕ ಉಳಿಸುವುದು ಇಲ್ಲಿ ಬೇರೆಯದೇ ಕೆಲಸ. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಉಬ್ಬುತ್ತದೆ, ಮನೆಯ ನೆಲ–ಗೋಡೆ ಬಿರುಕು ಬಿಡುತ್ತವೆ, ಗೆದ್ದಲು ಆ ಬಿರುಕಿನಿಂದ ಮೇಲೆ ಬರುತ್ತದೆ. ಗೋಡೆಯೊಳಗಿನ ಸಿಮೆಂಟ್ ಗೂಡಿನಲ್ಲಿ ಪುಸ್ತಕ ಇಟ್ಟರೆ ಹಿಂದಿನಿಂದ ತಿಂದದ್ದು ಮುಂದಕ್ಕೆ ಬರುವವರೆಗೆ ಕಾಣುವುದೇ ಇಲ್ಲ. ಕಬ್ಬಿಣದ ರ‍್ಯಾಕ್ ಒಳ್ಳೆಯದು: ಗೋಡೆಯಿಂದ ಮೂರು ಇಂಚು ದೂರ, ಕೆಳಗಿನ ತಟ್ಟೆ ನೆಲದಿಂದ ಆರು ಇಂಚು ಮೇಲೆ, ಹಾಸಲು ಪೇಪರ್ ಬೇಡ. ಜೂನ್‌ನ ಮೊದಲ ಮಳೆಯಾದ ವಾರ ಪ್ರತಿ ಸಾಲನ್ನೂ ಹೊರಗೆಳೆದು ನೋಡಿ. ಬೇವಿನ ಸೊಪ್ಪಿನ ಮೇಲೆ ಭಾರ ಹಾಕಬೇಡಿ, ಒಣಗಿದ ಮೇಲೆ ಅದೂ ಕಸವೇ. ಹಳೆ ಪುಸ್ತಕದಂಗಡಿಯಿಂದ ತಂದದ್ದರಲ್ಲಿ ಹುಳು ಇದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಡಿ, ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ತಕ್ಷಣ ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷಕ್ಕೆ ಹಳದಿ ಕಲೆ ಉಳಿಸಿ ತಾನು ಉದುರುತ್ತದೆ.

ತಿದ್ದುವುದು

ಕರಡು ಮುಗಿದ ಮೇಲೆ ಒಂದು ಮಂಡಲ, 48 ದಿನ, ಅದನ್ನು ಮುಟ್ಟಬೇಡಿ. ಆಮೇಲೆ ಟೈಪ್ ಮಾಡಿ, 14 ಪಾಯಿಂಟಿನಲ್ಲಿ ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ವಾಕ್ಯಕ್ಕೆ ಅಡ್ಡಗೆರೆ. ಮೂವರಿಗೆ ಓದಲು ಕೊಡಿ: ಕಥೆಯ ಊರಿನ ಕಡೆಯ ಒಬ್ಬ ಹಿರಿಯರು, ಮಂಗಳೂರೋ ಮೈಸೂರೋ ಕಡೆಯ ಒಬ್ಬರು, ಬಹಳ ಕಾದಂಬರಿ ಓದಿದ ಒಬ್ಬರು. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹಿರಿಯರಿಗೆ: ಯಾವ ಮಾತು ನಮ್ಮವರು ಆಡುವುದಿಲ್ಲ? ಹೊರಸೀಮೆಯವರಿಗೆ: ಯಾವ ಪುಟದಲ್ಲಿ ಅರ್ಥವಾಗದೆ ಹಿಂದೆ ತಿರುಗಿದಿರಿ? ಮೂರನೆಯವರಿಗೆ: ಎಲ್ಲಿ ಪುಸ್ತಕ ಕೆಳಗಿಟ್ಟಿರಿ?

ಡಿಟಿಪಿ, ಒಪ್ಪಂದ, ಅಚ್ಚು

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಮುದ್ರಣಾಲಯ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸಿದರೆ ಅರ್ಕಾವತ್ತು ಮತ್ತು ‘ರ‍್ಯ’ ಇರುವ ಪದಗಳು ಕೆಡುವ ಸಂಭವ ಹೆಚ್ಚು. ನಮ್ಮ ಸಂಭಾಷಣೆಯೋ ಬರ್ರಿ, ಕುಂದರ್ರಿ, ತಗೊರ್ರಿಗಳಿಂದ ತುಂಬಿರುತ್ತದೆ. ಮೊದಲ ಪ್ರೂಫಿನಲ್ಲಿ ಈ ಪದಗಳನ್ನೇ ಹುಡುಕಿ ನೋಡಿ. ‘ಎಲ್ಲ ಬದಲಿಸು’ ಗುಂಡಿ ಒತ್ತಬೇಡಿ: ಮನೆ ಎಂಬುದನ್ನು ಮನಿ ಮಾಡಲು ಹೋದರೆ ನಿರೂಪಣೆಯ ‘ಸುಮ್ಮನೆ’ಯೂ ‘ಸುಮ್ಮನಿ’ ಆಗಿಬಿಡುತ್ತದೆ.

ಪುಸ್ತಕ 16 ಪುಟದ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ. 200 ಪುಟವೆಂದರೆ ಹನ್ನೆರಡೂವರೆ ಫಾರಂ. 192ಕ್ಕೆ ಇಳಿಸಿ, ಇಲ್ಲವೇ 208ಕ್ಕೆ ಏರಿಸಿ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ರೂಢಿ. ಪ್ರಕಾಶಕರೊಡನೆ ಬರಹದ ಒಪ್ಪಂದವಿರಲಿ, ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಇರಲಿ. ಅವಧಿ ಬರೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ. ಅನುವಾದ, ಆಡಿಯೊ, ಸಿನಿಮಾ ಹಕ್ಕು ಬೇರೆ ಬೇರೆ ಸಾಲಿನಲ್ಲಿ ಬರಲಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ಪ್ರಕಟಣೆ ಬಂದಾಗ ವಯೋಮಿತಿ, ಮೊತ್ತ ನೋಡಿ ಅರ್ಜಿ ಹಾಕಿ.

ಸ್ವಂತ ಪ್ರಕಾಶನವಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ಅದಕ್ಕೆಂದು ಹಣ ಕೇಳಿದರೆ ಕೊಡಬೇಡಿ. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳಿಸಬೇಕು.

ಕೈಗೆ ಬಂದ ಪ್ರತಿಗಳಲ್ಲಿ ಒಂದರ ಮೇಲೆ ‘ತಿದ್ದುಪಡಿ ಪ್ರತಿ’ ಎಂದು ಬರೆದು ಪಕ್ಕಕ್ಕಿಡಿ. ಓದುಗರು ಫೋನ್ ಮಾಡಿ ತೋರಿಸುವ ತಪ್ಪನ್ನೆಲ್ಲ, ಏಪ್ರಿಲ್‌ನಲ್ಲಿ ನಿಂತ ಜೋಳವನ್ನೂ ಸೇರಿಸಿ, ಅದರಲ್ಲೇ ಕೆಂಪು ಪೆನ್ನಿನಿಂದ ಗುರುತಿಸುತ್ತ ಹೋಗಿ. ಎರಡನೇ ಮುದ್ರಣಕ್ಕೆ ಡಿಟಿಪಿಯವರ ಕೈಗೆ ಕೊಡುವುದು ಆ ಪ್ರತಿಯನ್ನೇ.